ಕಾರು ಸುರಕ್ಷಿತವಾದಷ್ಟೂ ನನ್ನ ವೇಗ ಹೆಚ್ಚುತ್ತಿದೆ: ಇದು ನನ್ನೊಬ್ಬನ ಅನುಭವವೇ?

ಪ್ರಶ್ನೆ: ಮಂಡ್ಯ ಪ್ರಯಾಣಿಕ

ಹದಿಮೂರು ವರ್ಷ ನಾನು ಓಡಿಸಿದ ಹಳೆಯ ಕಾರಿನಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರಲಿಲ್ಲ, ಏರ್‌ಬ್ಯಾಗ್ ಕೂಡ ಇರಲಿಲ್ಲ. ಒಂದು ಮಳೆಗಾಲದ ಸಂಜೆ ಚನ್ನಪಟ್ಟಣ ದಾಟಿದ ಮೇಲೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿಕೊಂಡು, ಸ್ಟೇರಿಂಗ್ ತಿರುಗಿಸಿದರೂ ಕಾರು ತನ್ನ ಪಾಡಿಗೆ ಓರೆಯಾಗಿ ಜಾರಿ, ರಸ್ತೆ ಬದಿಯ ಮಣ್ಣಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಎರಡು ಸೆಕೆಂಡುಗಳ ಭಯ ವರ್ಷಗಟ್ಟಲೆ ನನ್ನ ಬಲಗಾಲಿನಲ್ಲೇ ಉಳಿದಿತ್ತು. ಮಳೆ ಬಂದರೆ ಅರವತ್ತನ್ನು ದಾಟುತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ ಹೊಸ ಕಾರು ಕೊಂಡೆ. ಎಬಿಎಸ್, ಏರ್‌ಬ್ಯಾಗ್‌ಗಳು, ತಿರುವಿನಲ್ಲಿ ಕಾರು ಜಾರದಂತೆ ತಡೆಯುವ ವ್ಯವಸ್ಥೆ, ಎಲ್ಲವೂ ಇವೆ. ತಾಯಿಯವರನ್ನು ನೋಡಲು ತಿಂಗಳಿಗೆ ಎರಡು ಬಾರಿ ಬೆಂಗಳೂರಿನಿಂದ ಮಂಡ್ಯಕ್ಕೆ ಹೋಗಿಬರುತ್ತೇನೆ. ಕಳೆದ ತಿಂಗಳು ಹೆದ್ದಾರಿಯಲ್ಲಿ ಮಳೆ ಸುರಿಯುತ್ತಿದ್ದಾಗ ಮಗಳು, "ಅಪ್ಪಾ, ಹಳೇ ಕಾರಲ್ಲಿ ಮಳೆ ಬಂದರೆ ನೀವು ಹಾಡು ನಿಲ್ಲಿಸ್ತಿದ್ರಿ, ಈಗ ನಿಲ್ಲಿಸೋದೇ ಇಲ್ಲ" ಎಂದಳು. ಆಗ ಮೀಟರ್ ನೋಡಿದೆ, 105 ತೋರಿಸುತ್ತಿತ್ತು. ಮುಂದಿನ ಲಾರಿಗೂ ನನಗೂ ಇದ್ದ ಅಂತರವನ್ನು ಕಂಡು ನನಗೇ ನಾಚಿಕೆಯಾಯಿತು. ನಾನು ಬೇಕೆಂದು ಹೀಗೆ ಮಾಡಲಿಲ್ಲ, ಯಾವಾಗ ಹೀಗಾದೆ ಎಂಬುದೂ ತಿಳಿಯಲಿಲ್ಲ.

ಈ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಭಾವನವರು ಅದನ್ನೇ ಹಿಡಿದುಕೊಂಡರು. ಅವರು ಮದ್ದೂರಿನಲ್ಲಿ ದಿನವೂ ಬೈಕ್ ಓಡಿಸುವವರು, ಹೆಲ್ಮೆಟ್ ಎಂದರೆ ಮೊದಲಿನಿಂದಲೂ ಆಗದು. "ನೋಡಿದೆಯಾ, ರಕ್ಷಣೆ ಕೊಟ್ಟಷ್ಟೂ ಮನುಷ್ಯ ಮೈಮರೆಯುತ್ತಾನೆ. ಹೆಲ್ಮೆಟ್ ಇಲ್ಲದವನೇ ಹುಷಾರಾಗಿ ಓಡಿಸುವುದು" ಎಂಬುದು ಅವರ ವಾದ. ನನ್ನ ಅನುಭವವೇ ಅವರ ಪರವಾಗಿ ಸಾಕ್ಷಿ ಹೇಳುತ್ತಿರುವುದರಿಂದ ನನಗೆ ಉತ್ತರ ಹೊಳೆಯಲಿಲ್ಲ.

ಸುರಕ್ಷಾ ಸಾಧನ ಬಂದೊಡನೆ ಜನ ಹೆಚ್ಚು ಅಪಾಯವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ ಎಂಬುದು ಅಧ್ಯಯನಗಳಿಂದ ಕಂಡುಬಂದ ಸಂಗತಿಯೇ? ಹೌದಾದರೆ ಭಾವನವರ ತೀರ್ಮಾನವನ್ನೂ ಒಪ್ಪಬೇಕೇ?

ಉತ್ತರ: ನಿವೃತ್ತ ಅಧ್ಯಾಪಕ (ಸಾರಿಗೆ ಎಂಜಿನಿಯರಿಂಗ್)

ಮೊದಲ ಪ್ರಶ್ನೆಗೆ ಉತ್ತರ ಹೌದು, ಎರಡನೆಯದಕ್ಕೆ ಖಂಡಿತ ಇಲ್ಲ. ಈ ಎರಡರ ನಡುವಿನ ಅಂತರವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗುತ್ತದೆ.

ತಮಗಾದ ಅನುಭವವನ್ನು ಹೆಚ್ಚುಕಡಿಮೆ ಹಾಗೆಯೇ ಅಳೆದು ನೋಡಿದ ಪ್ರಯೋಗವೊಂದು 1980ರ ದಶಕದಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನಡೆಯಿತು. ಅಲ್ಲಿನ ಒಂದು ಟ್ಯಾಕ್ಸಿ ಸಂಸ್ಥೆಯ ಕೆಲವು ಕಾರುಗಳಲ್ಲಿ ಎಬಿಎಸ್ ಇತ್ತು, ಉಳಿದವುಗಳಲ್ಲಿ ಇರಲಿಲ್ಲ. ಮಿಕ್ಕಂತೆ ಕಾರುಗಳು ಒಂದೇ ಬಗೆಯವು. ತಮ್ಮ ಕಾರಿನಲ್ಲಿ ಎಬಿಎಸ್ ಇದೆಯೇ ಇಲ್ಲವೇ ಎಂಬುದು ಚಾಲಕರಿಗೆ ಗೊತ್ತಿತ್ತು. ಕಾರಿನ ವೇಗೋತ್ಕರ್ಷವನ್ನು ಅಳೆಯುವ ಉಪಕರಣಗಳನ್ನು ಚಾಲಕರಿಗೆ ತಿಳಿಯದಂತೆ ಅಳವಡಿಸಲಾಗಿತ್ತು. ಸಾಮಾನ್ಯ ಪ್ರಯಾಣಿಕರಂತೆ ಹತ್ತಿ ಕುಳಿತ ವೀಕ್ಷಕರು ಅವರ ಚಾಲನೆಯನ್ನು ಗುರುತು ಹಾಕಿಕೊಳ್ಳುತ್ತಿದ್ದರು. ವರ್ಷಗಳ ಲೆಕ್ಕ ತೆಗೆದಾಗ ಎರಡೂ ಗುಂಪುಗಳ ಅಪಘಾತದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎಬಿಎಸ್ ಇದ್ದವರು ತಿರುವುಗಳನ್ನು ಹೆಚ್ಚು ಬಿಗಿಯಾಗಿ ತೆಗೆದುಕೊಳ್ಳುತ್ತಿದ್ದರು, ಹೆಚ್ಚು ಒರಟಾಗಿ ಬ್ರೇಕ್ ಹಾಕುತ್ತಿದ್ದರು, ತಮ್ಮ ಪಥದಲ್ಲಿ ಅಷ್ಟು ನಿಖರವಾಗಿ ಉಳಿಯುತ್ತಿರಲಿಲ್ಲ. ಯಂತ್ರ ಕೊಟ್ಟ ಲಾಭವನ್ನು ಅವರು ವೇಗಕ್ಕೆ ಖರ್ಚು ಮಾಡಿದ್ದರು.

ಇದಕ್ಕೆ 'ಅಪಾಯ ಸರಿದೂಗಿಸುವಿಕೆ' ಎನ್ನಬಹುದು. ಅರ್ಥಶಾಸ್ತ್ರದಲ್ಲಿ ಈ ಚರ್ಚೆಗೆ ಕಾವು ತಂದವರು ಷಿಕಾಗೊ ವಿಶ್ವವಿದ್ಯಾಲಯದ ಸ್ಯಾಮ್ ಪೆಲ್ಟ್ಸ್‌ಮನ್. ಅಮೆರಿಕದಲ್ಲಿ 1966ರ ಕಾನೂನಿನ ಅನ್ವಯ ಹೊಸ ಕಾರುಗಳಿಗೆ ಸೀಟ್ ಬೆಲ್ಟ್, ಗುದ್ದಿದಾಗ ಕುಸಿಯುವ ಸ್ಟೇರಿಂಗ್ ಕಂಬ, ಮೆತ್ತನೆಯ ಡ್ಯಾಶ್‌ಬೋರ್ಡ್ ಮುಂತಾದವು ಕಡ್ಡಾಯವಾದವಷ್ಟೆ. ಇವುಗಳಿಂದ ಕಾರಿನೊಳಗಿನವರ ಸಾವು ಕಡಿಮೆಯಾದರೂ, ಚಾಲಕರು ಹೆಚ್ಚು ದುಡುಕಿನಿಂದ ಓಡಿಸಿದ್ದರಿಂದ ಪಾದಚಾರಿಗಳ ಸಾವು ಹೆಚ್ಚಿ, ಒಟ್ಟು ಲಾಭ ಸೊನ್ನೆಗೆ ಬಂದಿದೆ ಎಂದು ಅವರು 1975ರಲ್ಲಿ ವಾದಿಸಿದರು. ಕೆನಡಾದ ಮನಶ್ಶಾಸ್ತ್ರಜ್ಞ ಜೆರಾಲ್ಡ್ ವೈಲ್ಡ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಫ್ರಿಜ್‌ನ ಥರ್ಮೋಸ್ಟಾಟ್ ಒಳಗಿನ ತಂಪನ್ನು ಒಂದೇ ಮಟ್ಟದಲ್ಲಿ ಇಡುವಂತೆ, ಪ್ರತಿಯೊಬ್ಬನೂ ತನಗೆ ಒಪ್ಪಿಗೆಯಾದ ಅಪಾಯದ ಒಂದು ಮಟ್ಟವನ್ನು ಕಾಯ್ದುಕೊಳ್ಳುತ್ತಾನೆ, ಹೊರಗಿನಿಂದ ಎಷ್ಟೇ ರಕ್ಷಣೆ ಒದಗಿಸಿದರೂ ಅಷ್ಟೇ ಅಪಾಯವನ್ನು ಬೇರೆ ಕಡೆಯಿಂದ ತಂದುಕೊಳ್ಳುತ್ತಾನೆ ಎಂಬುದು ಅವರ ಸಿದ್ಧಾಂತ.

ಈ ಕೊನೆಯ ಮಾತು ಅತಿಯಾಯಿತು. ಲಾಭ ಪೂರ್ತಿ ಕರಗುವುದೇ ನಿಜವಾಗಿದ್ದರೆ ದಶಕಗಳು ಕಳೆದರೂ ಸಾವಿನ ಪ್ರಮಾಣ ಇದ್ದಲ್ಲೇ ಇರಬೇಕಿತ್ತು. ಅಮೆರಿಕದಲ್ಲಿ ವಾಹನಗಳು ಓಡಿದ ಪ್ರತಿ ಹತ್ತು ಕೋಟಿ ಮೈಲಿಗೆ 1966ರಲ್ಲಿ ಸುಮಾರು 5.5 ಜನ ಸಾಯುತ್ತಿದ್ದರೆ, 2010ರ ಹೊತ್ತಿಗೆ ಆ ಸಂಖ್ಯೆ 1.1ಕ್ಕೆ ಇಳಿದಿತ್ತು. ರಸ್ತೆ, ಚಿಕಿತ್ಸೆ, ಕುಡಿದು ಓಡಿಸುವುದರ ಮೇಲಿನ ಬಿಗಿ, ಎಲ್ಲವೂ ಇದರಲ್ಲಿ ಸೇರಿವೆ. ಆದರೂ ಮನುಷ್ಯನ ಮನಸ್ಸು ಎಲ್ಲವನ್ನೂ ತೂಗಿ ಸರಿಮಾಡಿಬಿಡುತ್ತದೆ ಎಂಬ ಮಾತಿಗೆ ಈ ಲೆಕ್ಕದ ಎದುರು ನಿಲ್ಲುವ ಬಲವಿಲ್ಲ.

ಹಾಗಾದರೆ ಯಾವ ಸಾಧನ ನಮ್ಮ ನಡೆಯನ್ನು ಬದಲಿಸುತ್ತದೆ, ಯಾವುದು ಬದಲಿಸುವುದಿಲ್ಲ? ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು, ಆ ಸಾಧನ ಚಾಲಕನ ಕೈಕಾಲಿಗೆ ದಿನವೂ ಅನುಭವಕ್ಕೆ ಬರುತ್ತದೆಯೇ ಎಂಬುದು. ಒಳ್ಳೆಯ ಬ್ರೇಕ್, ಹಿಡಿತವಿರುವ ಟೈರು, ಅಗಲವಾದ ರಸ್ತೆ, ಇವು ಪ್ರತಿ ಕ್ಷಣವೂ 'ಇನ್ನಷ್ಟು ಹೋಗಬಹುದು' ಎಂದು ಹೇಳುತ್ತಲೇ ಇರುತ್ತವೆ. ಸೀಟ್ ಬೆಲ್ಟ್ ಮತ್ತು ಏರ್‌ಬ್ಯಾಗ್ ಹಾಗಲ್ಲ. ಗುದ್ದುವವರೆಗೂ ಅವು ಮೌನವಾಗಿರುತ್ತವೆ, ಬೆಲ್ಟ್ ಕಟ್ಟಿಕೊಂಡ ಹತ್ತು ನಿಮಿಷದಲ್ಲಿ ಅದು ಇದೆಯೆಂಬುದೇ ಮರೆತುಹೋಗುತ್ತದೆ. ಆದ್ದರಿಂದಲೇ ಮುಂದಿನ ಸೀಟಿನಲ್ಲಿರುವವರು ಸಾಯುವ ಸಂಭವವನ್ನು ಸುಮಾರು 45 ಪ್ರತಿಶತ ತಗ್ಗಿಸುವ ಬೆಲ್ಟ್‌ನ ಲಾಭ ಬಹುಮಟ್ಟಿಗೆ ಉಳಿದುಕೊಂಡಿದೆ.

ಎಬಿಎಸ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಚಕ್ರ ಕಚ್ಚಿಕೊಳ್ಳುವ ಹಂತ ಬಂದಾಗ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಸಡಿಲಿಸಿ ಮತ್ತೆ ಬಿಗಿಮಾಡಿ, ಸ್ಟೇರಿಂಗ್ ನಿಮ್ಮ ಮಾತು ಕೇಳುವಂತೆ ಮಾಡುವುದಷ್ಟೇ ಅದರ ಕೆಲಸ. ಕಾರನ್ನು ಪವಾಡದಂತೆ ನಿಲ್ಲಿಸುವುದು ಅದರ ಕೆಲಸವಲ್ಲ. ಜಲ್ಲಿ ಅಥವಾ ಸಡಿಲ ಮಣ್ಣಿನ ಮೇಲೆ ನಿಲ್ಲುವ ದೂರ ಹೆಚ್ಚಾಗಲೂಬಹುದು. ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾಗುವ ದೂರ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60ರ ಬದಲು 105ರಲ್ಲಿ ಹೋದರೆ ಆ ದೂರ ಮೂರು ಪಟ್ಟಾಗುತ್ತದೆ, ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಕಾರು 29 ಮೀಟರ್ ದಾಟಿರುತ್ತದೆ. ಎಬಿಎಸ್ ಇದ್ದರೂ ಈ ಲೆಕ್ಕ ಬದಲಾಗುವುದಿಲ್ಲ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಅಧ್ಯಯನವೊಂದರ ಪ್ರಕಾರ, ಸೈಕಲ್ ಸವಾರ ಹೆಲ್ಮೆಟ್ ಧರಿಸಿದ್ದಾಗ ಹಿಂದಿಕ್ಕುವ ಕಾರುಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರದಲ್ಲಿ ಹಾದುಹೋದವು. ಅಂದರೆ ಇನ್ನೊಬ್ಬರ ರಕ್ಷಣೆಯನ್ನು ಕಂಡೂ ನಾವು ಬದಲಾಗಬಹುದು. ಹೆಲ್ಮೆಟ್ ವಿಷಯದಲ್ಲಿ ಪ್ರಶ್ನೆ ಇನ್ನೂ ತೆರೆದಿದೆ ಎನ್ನಬೇಕು.

ಉತ್ತರ: ತಾಲ್ಲೂಕು ಆಸ್ಪತ್ರೆಯ ಶುಶ್ರೂಷಕಿ

ಅಧ್ಯಾಪಕರ ಉಳಿದ ಮಾತುಗಳಿಗೆ ನನ್ನ ಒಪ್ಪಿಗೆಯಿದೆ. ಕೊನೆಯ ವಾಕ್ಯಕ್ಕೆ ಮಾತ್ರ ಒಪ್ಪಿಗೆಯಿಲ್ಲ, ಅದನ್ನು ಸುಮ್ಮನೆ ಬಿಡಲೂ ಮನಸ್ಸು ಒಪ್ಪುತ್ತಿಲ್ಲ, ಏಕೆಂದರೆ ಮದ್ದೂರಿನ ಭಾವನವರಂಥವರು ಹಿಡಿದುಕೊಳ್ಳುವುದು ಅದೊಂದನ್ನೇ.

ಆ ಸೈಕಲ್ ಅಧ್ಯಯನವನ್ನು ಬೇರೆ ಸಂಶೋಧಕರು ಮರುವಿಶ್ಲೇಷಿಸಿ, ನಿಜವಾಗಿ ಅಪಾಯಕಾರಿಯಾದ, ಒಂದು ಮೀಟರ್‌ಗಿಂತ ಕಡಿಮೆ ಅಂತರದ ಹಿಂದಿಕ್ಕುವಿಕೆಗಳನ್ನು ಮಾತ್ರ ನೋಡಿದಾಗ ಹೆಲ್ಮೆಟ್‌ನಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ ಎಂದು ತೋರಿಸಿದ್ದಾರೆ. ಅದು ಹೇಗೂ ಇರಲಿ, ಇಲ್ಲಿರುವ ಪ್ರಶ್ನೆ ಬೈಕಿನದು. ಬೈಕ್ ಹೆಲ್ಮೆಟ್ ಕುರಿತು ಹಲವು ದೇಶಗಳ 61 ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ನಡೆದ ಪರಾಮರ್ಶೆಯ ಪ್ರಕಾರ, ಅಪಘಾತಕ್ಕೆ ಸಿಕ್ಕಿದ ಸವಾರರಲ್ಲಿ ಹೆಲ್ಮೆಟ್ ಸಾವಿನ ಸಂಭವವನ್ನು 42 ಪ್ರತಿಶತ, ತಲೆಯ ಗಾಯದ ಸಂಭವವನ್ನು 69 ಪ್ರತಿಶತ ಕಡಿಮೆ ಮಾಡುತ್ತದೆ. ಆದರೆ ಹೆಲ್ಮೆಟ್ ಹಾಕಿದವರಿಗೆ ಅಪಘಾತವೇ ಹೆಚ್ಚಾಗುತ್ತದಲ್ಲ ಎಂದು ಯಾರಾದರೂ ಕೇಳಬಹುದು. ಅದಕ್ಕೂ ಉತ್ತರವಿದೆ. ಅಮೆರಿಕದ ಹಲವು ರಾಜ್ಯಗಳು 1976ರ ನಂತರ ಹೆಲ್ಮೆಟ್ ಕಡ್ಡಾಯವನ್ನು ಕೈಬಿಟ್ಟವು. ಫ್ಲಾರಿಡಾ 2000ದಲ್ಲಿ ಬಹುಪಾಲು ವಯಸ್ಕರಿಗೆ ವಿನಾಯಿತಿ ನೀಡಿತು. ಬರಿತಲೆಯವರು ಹುಷಾರಾಗಿ ಓಡಿಸುವುದು ನಿಜವಾಗಿದ್ದರೆ ಅಲ್ಲಿ ಸಾವುಗಳು ಇಳಿಯಬೇಕಿತ್ತು, ಕಡೇಪಕ್ಷ ಇದ್ದಷ್ಟೇ ಇರಬೇಕಿತ್ತು. ಆದರೆ ಅವು ಏರಿದವು.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 1,68,491 ಜನ. ಅವರ ಪೈಕಿ 50,029 ಮಂದಿ ಹೆಲ್ಮೆಟ್ ಧರಿಸದೆ ಇದ್ದವರು. ಈ ಐವತ್ತು ಸಾವಿರ ಜನ ಹೆಲ್ಮೆಟ್ ಇಲ್ಲವೆಂಬ ಭಯದಿಂದ ಎಚ್ಚರವಾಗಿ ಓಡಿಸುತ್ತಿದ್ದರು ಎಂದು ಹೇಳಲು ನನ್ನಿಂದಾಗದು. ಹೆಲ್ಮೆಟ್ ಬೇಡವೆನ್ನುವವರು ಒಂದು ಸಂಗತಿ ಮರೆಯುತ್ತಾರೆ. ಅಪಾಯವನ್ನು ತೂಗಿ ನೋಡುವ ಮನಸ್ಸು ಇದ್ದರೆ ತಾನೇ ಅದನ್ನು ಸರಿದೂಗಿಸುವ ಮಾತು? ರಾತ್ರಿ ಪಾಳಿಯಲ್ಲಿ ನಾವು ಕಾಣುವ ಬಹಳಷ್ಟು ಜನ 'ಇಲ್ಲೇ ಹಾಲು ತರೋಕೆ', 'ಗದ್ದೆ ಹತ್ರ ಹೋಗಿ ಬರೋಕೆ' ಎಂದು ಹೊರಟವರು. ಅವರಿಗೆ ಅಪಾಯದ ಯೋಚನೆಯೇ ಇರುವುದಿಲ್ಲ. ಪೊಲೀಸರು ಕಂಡಾಗ ತಲೆಗೆ ಏರಿ, ಉಳಿದ ಹೊತ್ತು ಪೆಟ್ರೋಲ್ ಟ್ಯಾಂಕ್ ಮೇಲೆ ಕೂರುವ ಹೆಲ್ಮೆಟ್‌ನಿಂದ ಯಾರ ಧೈರ್ಯವೂ ಹೆಚ್ಚಾಗಿಲ್ಲ.

ಭಾವನವರಿಗೆ ದಯವಿಟ್ಟು ಇನ್ನೊಂದು ಮಾತು ತಿಳಿಸಿ. ಗದ್ದದ ಕೆಳಗಿನ ಪಟ್ಟಿಯನ್ನು ಕಟ್ಟಿಕೊಳ್ಳದಿದ್ದರೆ, ಬಿದ್ದಾಗ ತಲೆ ನೆಲ ಮುಟ್ಟುವ ಮೊದಲೇ ಹೆಲ್ಮೆಟ್ ಕಳಚಿಹೋಗಿರುತ್ತದೆ. ಹಾಗೆ ಬಂದವರನ್ನು ನಾನು ಎಣಿಸುವುದನ್ನೇ ಬಿಟ್ಟಿದ್ದೇನೆ.

ಉತ್ತರ: ನಿವೃತ್ತ ಅಧ್ಯಾಪಕ

ತಾವು ಹೇಳಿದ್ದು ಸರಿ, ಅಮ್ಮ. ಬೈಕ್ ಹೆಲ್ಮೆಟ್ ವಿಷಯದಲ್ಲಿ 'ತೆರೆದ ಪ್ರಶ್ನೆ' ಎಂದು ನಾನು ಬರೆಯಬಾರದಿತ್ತು. ಆ ವಾಕ್ಯವನ್ನು ಹಿಂತೆಗೆದುಕೊಳ್ಳುತ್ತೇನೆ.

ಉತ್ತರ: ಮಾಜಿ ಗಣಿ ಎಂಜಿನಿಯರ್, ಕೆಜಿಎಫ್

ಇಲ್ಲಿಯವರೆಗಿನ ಚರ್ಚೆಯೆಲ್ಲ ಚಾಲಕನ ಮನಸ್ಸಿನ ಸುತ್ತಲೇ ಸುತ್ತಿದೆ. ಸುರಕ್ಷತೆಯ ಲಾಭವನ್ನು ಖರ್ಚು ಮಾಡುವವನು ಯಾವಾಗಲೂ ಅದನ್ನು ಬಳಸುವವನೇ ಆಗಿರುವುದಿಲ್ಲ. ಗಣಿಯ ಚರಿತ್ರೆ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇಂಗ್ಲೆಂಡಿನ ಫೆಲ್ಲಿಂಗ್ ಕಲ್ಲಿದ್ದಲು ಗಣಿಯಲ್ಲಿ 1812ರ ಮೇ ತಿಂಗಳಲ್ಲಿ ಅನಿಲ ಸ್ಫೋಟಗೊಂಡು 92 ಜನ ಸತ್ತರು. ಬೆಳಕಿಗಾಗಿ ಒಯ್ಯುತ್ತಿದ್ದ ತೆರೆದ ಜ್ವಾಲೆಯೇ ಗಣಿಯೊಳಗಿನ ಮೀಥೇನ್‌ಗೆ ಕಿಡಿಯಾಗುತ್ತಿತ್ತು. ಹಂಫ್ರಿ ಡೇವಿ 1815ರಲ್ಲಿ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಬಲೆಯನ್ನು ಸುತ್ತಿದರು. ಶಾಖವನ್ನು ಲೋಹ ಹೀರಿಕೊಳ್ಳುವುದರಿಂದ ಜ್ವಾಲೆ ಬಲೆಯನ್ನು ದಾಟಿ ಹೊರಗಿನ ಅನಿಲಕ್ಕೆ ತಗಲುವುದಿಲ್ಲ. ಜೀವ ಉಳಿಸಬೇಕೆಂಬ ಉದ್ದೇಶದಿಂದಲೇ ಹುಟ್ಟಿದ ಸಾಧನ ಅದು. ಆದರೆ ಮುಂದಿನ ವರ್ಷಗಳಲ್ಲಿ ಗಣಿ ಸಾವುಗಳು ಇಳಿಯುವ ಬದಲು ಏರಿದ್ದನ್ನು 1835ರ ಬ್ರಿಟಿಷ್ ಸಂಸದೀಯ ಸಮಿತಿಯೇ ಗಮನಿಸಿತು. ಅನಿಲಕ್ಕೆ ಹೆದರಿ ಮುಚ್ಚಿದ್ದ ಪದರಗಳನ್ನು ಮಾಲೀಕರು ಈ ದೀಪದ ಬಲದಿಂದ ಮತ್ತೆ ತೆರೆಸಿದ್ದರು, ಇನ್ನೂ ಆಳಕ್ಕೆ ಜನರನ್ನು ಇಳಿಸಿದ್ದರು. ಗಾಳಿಯಾಡಲು ಹೊಸ ಬಾವಿ ತೋಡುವುದಕ್ಕಿಂತ ದೀಪ ಕೊಡುವುದು ಅಗ್ಗವಾಗಿತ್ತು. ಬಲೆ ಒಂದು ಕಡೆ ಹರಿದಿದ್ದರೂ, ರಭಸದ ಗಾಳಿ ಬೀಸಿದರೂ ದೀಪ ಕಾಯುತ್ತಿರಲಿಲ್ಲ. ಇಲ್ಲಿ ಹೆಚ್ಚು ಅಪಾಯವನ್ನು ಆರಿಸಿಕೊಂಡವನು ದೀಪ ಹಿಡಿದ ಕೂಲಿಯವನಲ್ಲ. ನಮ್ಮ ಕೋಲಾರದ ಚಿನ್ನದ ಗಣಿಯ ಶತ್ರು ಬೇರೆಯೇ. ಅಲ್ಲಿ ಮೂರು ಕಿಲೋಮೀಟರ್ ಆಳದಲ್ಲಿ ಬಂಡೆಯೇ ಸಿಡಿಯುತ್ತಿತ್ತು. ಆದರೂ ಡೇವಿಯ ದೀಪದ ಈ ಕಥೆಯನ್ನು ನಾನು ಕಿರಿಯರಿಗೆ ಹೇಳದೆ ಬಿಟ್ಟವನಲ್ಲ.

ಈಗ ಪ್ರಶ್ನೆ ಕೇಳಿದವರ ರಸ್ತೆಗೆ ಬರೋಣ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ, ಮೂರು ಗಂಟೆಯ ಪ್ರಯಾಣ ಸುಮಾರು 75 ನಿಮಿಷಕ್ಕೆ ಇಳಿಯುತ್ತದೆ ಎಂದು ಪ್ರಚಾರವಾಯಿತು. ಸುಮಾರು 118 ಕಿಲೋಮೀಟರ್ ದೂರವನ್ನು 75 ನಿಮಿಷದಲ್ಲಿ ಕ್ರಮಿಸಬೇಕಾದರೆ ಸರಾಸರಿ ವೇಗ ಗಂಟೆಗೆ 94 ಕಿಲೋಮೀಟರ್ ಇರಬೇಕು. ಅದು ಸರಾಸರಿ, ಟೋಲ್ ಬಳಿ ನಿಧಾನಿಸಿದ್ದು, ಕಾಫಿಗೆ ನಿಂತದ್ದು, ಎಲ್ಲ ಸೇರಿ. ಗರಿಷ್ಠ ಮಿತಿ 100 ಇರುವ ರಸ್ತೆಯಲ್ಲಿ ಈ ಲೆಕ್ಕವನ್ನು ಮಿತಿಯೊಳಗೇ ಮುಟ್ಟುವುದು ಎಷ್ಟು ಜನರಿಗೆ ಸಾಧ್ಯ? ಅಡ್ಡರಸ್ತೆಗಳಿಲ್ಲದ, ನಡುವೆ ವಿಭಜಕವಿರುವ ಆರು ಪಥದ ರಸ್ತೆ, ಹಳೆಯ ರಸ್ತೆಗೆ ಹೋಲಿಸಿದರೆ ಕಟ್ಟಿದ ರೀತಿಯಲ್ಲೇ ಸುರಕ್ಷಿತ. ಆ ಸುರಕ್ಷತೆಯನ್ನು ನಾವೆಲ್ಲ ಸೇರಿ, ಚಾಲಕ ಕೀಲಿ ತಿರುಗಿಸುವ ಮೊದಲೇ, ನಿಮಿಷಗಳಾಗಿ ಹಂಚಿಕೊಂಡುಬಿಟ್ಟಿದ್ದೆವು. ಆರಂಭದ ತಿಂಗಳುಗಳಲ್ಲಿ ಸಾಲುಸಾಲು ಸಾವುಗಳಾಗಿ, ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟು, ವೇಗ ಹಿಡಿಯುವ ಕ್ಯಾಮೆರಾಗಳನ್ನು ಅಳವಡಿಸಬೇಕಾಯಿತು.

ಮ್ಯೂನಿಕ್ ಪ್ರಯೋಗದಲ್ಲೂ ಇದಕ್ಕೆ ಹೊಂದುವ ಮುಂದಿನ ಭಾಗವೊಂದಿದೆ. ಆ ಟ್ಯಾಕ್ಸಿ ಸಂಸ್ಥೆ ನಂತರ, ಅಪಘಾತವಾದರೆ ದುರಸ್ತಿಯ ವೆಚ್ಚದಲ್ಲಿ ಒಂದು ಪಾಲನ್ನು ಚಾಲಕನೇ ಭರಿಸಬೇಕು, ಪದೇಪದೇ ಆದರೆ ಕೆಲಸಕ್ಕೇ ಕುತ್ತು ಎಂದು ನಿಯಮ ಮಾಡಿತು. ಆಗ ಅಪಘಾತಗಳು ಇಳಿದವು. ಬ್ರೇಕ್ ಅದೇ, ಚಾಲಕರೂ ಅವರೇ.

ಉತ್ತರ: ಮಾಜಿ ಬಸ್ ಚಾಲಕ

ನಾನು ಇಪ್ಪತ್ತಾರು ವರ್ಷ ಮೈಸೂರು ರಸ್ತೆಯಲ್ಲಿ ಸರ್ಕಾರಿ ಬಸ್ ಓಡಿಸಿದವನು. ಓದಿದ್ದು ಕಡಿಮೆ, ಕಂಡದ್ದನ್ನು ಹೇಳುತ್ತೇನೆ.

ಹಳೆಯ ರಸ್ತೆಯಲ್ಲಿ ರಾಮನಗರದಿಂದ ಶ್ರೀರಂಗಪಟ್ಟಣದವರೆಗೆ ಯಾವ ಊರಿನಲ್ಲಿ ಎಷ್ಟು ಹಂಪ್ಸ್ ಇವೆ, ಯಾವ ಶಾಲೆ ಎಷ್ಟು ಹೊತ್ತಿಗೆ ಬಿಡುತ್ತದೆ ಎಂಬುದು ನಮಗೆ ಬಾಯಿಪಾಠವಾಗಿತ್ತು. ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಯಾವ ತಿರುವಿನಲ್ಲಾದರೂ ಸಿಗಬಹುದು ಎಂಬ ಹೆದರಿಕೆಯಿಂದ ಕಣ್ಣು ರಸ್ತೆ ಬಿಟ್ಟು ಕದಲುತ್ತಿರಲಿಲ್ಲ. ಹೊಸ ರಸ್ತೆಗೆ ಬಂದ ಮೊದಲ ವಾರವೇ ನನ್ನೊಳಗಿನ ಬದಲಾವಣೆ ತಿಳಿಯಿತು. ಕಾಲು ಹಗುರವಾಯಿತು, ಕಣ್ಣು ಸೋಮಾರಿಯಾಯಿತು. ಇಲ್ಲಿ ಯಾರೂ ಅಡ್ಡ ಬರುವುದಿಲ್ಲ ಎಂದು ಮನಸ್ಸು ತಾನೇ ನಿಶ್ಚಯ ಮಾಡಿಕೊಂಡುಬಿಡುತ್ತದೆ.

ಆದರೆ ಅಡ್ಡ ಬರುವವರು ಇದ್ದಾರೆ. ರಸ್ತೆಯ ಒಂದು ಕಡೆ ಮನೆ, ಇನ್ನೊಂದು ಕಡೆ ಗದ್ದೆ ಇರುವವರು. ಕೆಳಸೇತುವೆ ಒಂದೂವರೆ ಕಿಲೋಮೀಟರ್ ದೂರವಾದರೆ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಬೇಲಿಯ ಸಂದಿಯಲ್ಲೇ ನುಸುಳುತ್ತಾಳೆ. ಏರ್‌ಬ್ಯಾಗ್ ಇರುವುದು ಕಾರಿನಲ್ಲಿರುವವರಿಗೆ. ಅವರ ಧೈರ್ಯ ಹೆಚ್ಚಿದ್ದಕ್ಕೆ ಬೆಲೆ ತೆರುವವಳು ಅವಳು. ಕಾರಿನೊಳಗಿನವರು ಉಳಿದು ಪಾದಚಾರಿಗಳು ಸತ್ತರು ಎಂಬ ಆ ಅರ್ಥಶಾಸ್ತ್ರಜ್ಞರ ಲೆಕ್ಕ ಸರಿಯೋ ತಪ್ಪೋ ನನಗೆ ತಿಳಿಯದು, ಆದರೆ ಅವರು ನೋಡಿದ ದಿಕ್ಕು ಸರಿಯಾಗಿದೆ.

ನಮ್ಮ ಹಿರಿಯ ಚಾಲಕರೊಬ್ಬರು ಹೇಳಿಕೊಟ್ಟ ಒಂದು ಅಭ್ಯಾಸವನ್ನು ಪ್ರಶ್ನೆ ಕೇಳಿದವರಿಗೆ ತಿಳಿಸುತ್ತೇನೆ. ಮುಂದಿನ ವಾಹನ ಒಂದು ಕಂಬವನ್ನೋ ಮರವನ್ನೋ ದಾಟಿದ ಕ್ಷಣದಿಂದ ನಿಧಾನವಾಗಿ ಒಂದು, ಎರಡು, ಮೂರು ಎಂದು ಎಣಿಸಬೇಕು. ಮೂರಕ್ಕೆ ಮೊದಲೇ ನೀವು ಅದೇ ಕಂಬದ ಬಳಿ ಬಂದರೆ ತೀರಾ ಹತ್ತಿರವಿದ್ದೀರಿ ಎಂದರ್ಥ. ಮಳೆಯಲ್ಲಿ ಐದರವರೆಗೆ ಎಣಿಸಬೇಕು. ಮೀಟರ್ ನೋಡುವುದಕ್ಕಿಂತ ಇದು ಮೇಲು, ಏಕೆಂದರೆ ಎಣಿಸಲು ಕಣ್ಣು ರಸ್ತೆಯ ಮೇಲೇ ಇರಬೇಕಾಗುತ್ತದೆ.

ಪ್ರಶ್ನೆ ಕೇಳಿದವರು: ಮಂಡ್ಯ ಪ್ರಯಾಣಿಕ

ಎಲ್ಲರಿಗೂ ಕೃತಜ್ಞತೆಗಳು. ಈ ಭಾನುವಾರ ಮಂಡ್ಯಕ್ಕೆ ಹೋಗುವಾಗ ಹಾಡು ಹಾಕಲಿಲ್ಲ. ಹಾಗಾಗಿ ವೇಗ 80 ದಾಟಿದಾಗ ಕಾರು ಎಚ್ಚರಿಕೆಯ ಸದ್ದು ಮಾಡುತ್ತದೆ ಎಂಬುದು ಬಹಳ ದಿನಗಳ ನಂತರ ಕಿವಿಗೆ ಬಿತ್ತು. ಅದು ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು, ನಾನು ಹಾಡಿನ ಕೆಳಗೆ ಹೂತಿದ್ದೆ. ಕಂಬಗಳನ್ನು ಎಣಿಸಿದೆ. ಮೊದಲ ಅರ್ಧ ಗಂಟೆಯಲ್ಲಿ ಹಲವು ಬಾರಿ ಎರಡಕ್ಕೇ ಕಂಬ ಬಂತು, ಮದ್ದೂರಿನ ಹೊತ್ತಿಗೆ ಮೂರಕ್ಕೆ ನಿಂತಿತು. ಮಂಡ್ಯ ತಲುಪಲು ಎಂದಿಗಿಂತ ಹನ್ನೆರಡು ನಿಮಿಷ ಹೆಚ್ಚಾಯಿತು.

ಶುಶ್ರೂಷಕಿಯವರ ಉತ್ತರವನ್ನು ಭಾವನವರಿಗೆ ಪೂರ್ತಿ ಓದಿ ಹೇಳಿದೆ. ಫ್ಲಾರಿಡಾದ ವಿಷಯದಲ್ಲಿ ಅವರು ಇನ್ನೂ ವಾದ ಬಿಟ್ಟಿಲ್ಲ. ಆದರೆ ಸಂಜೆ ಹೊರಡುವಾಗ ಹೆಲ್ಮೆಟ್ ಹಾಕಿಕೊಂಡರು, ಪಟ್ಟಿಯನ್ನು ಅಕ್ಕ ನಿಂತು ಕಟ್ಟಿಸಿದಳು. ಚಾಲಕ ಸಾಹೇಬರಲ್ಲಿ ಒಂದು ಸಂದೇಹ: ರಾತ್ರಿ ಕಂಬ ಕಾಣದ ಕಡೆ ಯಾವುದನ್ನು ಗುರುತಾಗಿಟ್ಟುಕೊಂಡು ಎಣಿಸಬೇಕು?

ಉತ್ತರ: ಮಾಜಿ ಬಸ್ ಚಾಲಕ

ವಿಭಜಕದ ಮೇಲೆ ನಿಮ್ಮದೇ ದೀಪದ ಬೆಳಕಿಗೆ ಹೊಳೆಯುವ ಪಟ್ಟಿಗಳಿರುತ್ತವೆ, ಅವುಗಳಲ್ಲಿ ಒಂದನ್ನು ಹಿಡಿದು ಎಣಿಸಿ. ಅವೂ ಕಾಣದಷ್ಟು ಮಳೆಯೋ ಮಂಜೋ ಇದ್ದರೆ ಎಣಿಸುವುದು ಬೇಡ; ನಿಧಾನ ಮಾಡಿಕೊಂಡು ಮುಂದಿನ ಪೆಟ್ರೋಲ್ ಬಂಕ್‌ನೊಳಗೆ ಗಾಡಿ ತಿರುಗಿಸಿ ನಿಲ್ಲಿಸಿ.